ಪುಷ್ಪಚಕ್ರವೂ ನೆತ್ತರುಗೊಡಗೆಯೂ

ರಾಜವಂಶದವರೊಬ್ಬರು ಕಡಲಾಚೆಯ ಯುದ್ಧಸ್ಮಾರಕವೊಂದಕ್ಕೆ ತೆರಳಿ, ಕಪ್ಪುಡುಪು ಧರಿಸಿ, ಪುಷ್ಪಚಕ್ರವನ್ನಿರಿಸಿ, ಎರಡು ನಿಮಿಷ ತಲೆಬಾಗಿ ನಿಂತು ಹಿಂದಿರುಗಿದರೆಂಬ ವಾರ್ತೆಯನ್ನು ನಾವು ವರ್ಷಕ್ಕೊಮ್ಮೆಯಾದರೂ ಓದುತ್ತೇವೆ. ಓದಿ, ಒಳ್ಳೆಯದಾಯಿತು ಎಂದುಕೊಂಡು ಮುಂದಿನ ಪುಟಕ್ಕೆ ಹೋಗುತ್ತೇವೆ. ಸತ್ತವರನ್ನು ನೆನೆಯುವುದು ತಪ್ಪೆಂದು ಯಾರು ತಾನೆ ಹೇಳಿಯಾರು? ಆದರೆ ಅಹಿಂಸೆಯನ್ನು ಪರಮಧರ್ಮವೆಂದು ಒಪ್ಪಿಕೊಂಡಿರುವ ಸಮಾಜವೊಂದು ಇಂಥ ದೃಶ್ಯವನ್ನು ಕಂಡು ಸುಮ್ಮನೆ ಕೈಮುಗಿಯಬಹುದೆ? ಈ ಪ್ರಶ್ನೆಯನ್ನು ಕೋಲಾರದ ಚಿನ್ನದ ಗಣಿಯ ಮತ್ತು ಬಂಗಾರಪೇಟೆಯ ಶ್ರಾವಕರು ಇತರರಿಗಿಂತ ಮೊದಲು ಕೇಳಿಕೊಳ್ಳಬೇಕೆಂಬುದು ನನ್ನ ವಾದ. ಕಾರಣವನ್ನು ಮುಂದೆ ನಿವೇದಿಸುತ್ತೇನೆ.

ಹಿಂಸೆಯು ಮೂರು ಬಗೆಯಲ್ಲಿ ಆಗುತ್ತದೆಂದು ನಮ್ಮ ಮನೆಯ ಮಕ್ಕಳೂ ಬಲ್ಲರು: ಕೃತ, ಕಾರಿತ, ಅನುಮೋದನ. ತಾನೇ ಮಾಡಿದ್ದು, ಇತರರಿಂದ ಮಾಡಿಸಿದ್ದು, ಮಾಡಿದ್ದನ್ನು ಮೆಚ್ಚಿದ್ದು. ಪುಷ್ಪಚಕ್ರದ ಸಮಾರಂಭವನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಿರಿ. ಅಲ್ಲಿ ಸ್ಮರಿಸಲ್ಪಡುವವನು ಕೊಂದು ಸತ್ತ ಸಿಪಾಯಿ, ಅಂದರೆ ಕೃತಕ್ಕೆ ಸಂಬಂಧಪಟ್ಟವನು. ಸುತ್ತ ನಿಂತು ತಲೆದೂಗುವ ಜನಸಮೂಹ ಅನುಮೋದನಕ್ಕೆ ಸೇರಿದ್ದು. ಅವನನ್ನು ಅಲ್ಲಿಗೆ ಕಳುಹಿಸಿದವರ ಮಾತು ಮಾತ್ರ ಯಾವ ಭಾಷಣದಲ್ಲಿಯೂ ಬರುವುದಿಲ್ಲ. ಬರುವುದೂ ಕಷ್ಟವೇ ಸರಿ, ಏಕೆಂದರೆ ಹೂವನ್ನು ಹಿಡಿದು ಮುಂದೆ ನಿಂತಿರುವವರು ಬಹುಮಟ್ಟಿಗೆ ಆ ಕಾರಿತದ ಮನೆತನದವರೇ ಆಗಿರುತ್ತಾರೆ.

ನಮ್ಮ ನಾಡಿನ ಸಂಗತಿಯನ್ನೇ ತೆಗೆದುಕೊಳ್ಳೋಣ. 1914ರಲ್ಲಿ ಯುರೋಪಿನಲ್ಲಿ ಮಹಾಯುದ್ಧ ಹೊತ್ತಿಕೊಂಡಾಗ ಮೈಸೂರಿನ ಅಶ್ವಾರೋಹಿ ಪಡೆ, ಅಂದರೆ ಮೈಸೂರು ಲ್ಯಾನ್ಸರ್ಸ್, ಬೆಂಗಳೂರಿನಿಂದ ಈಜಿಪ್ಟಿಗೆ ಹೊರಟಿತು. ಸೂಯೆಜ್ ಕಾಲುವೆಯ ಕಾವಲಿನಿಂದ ಗಾಜಾದವರೆಗೆ, ಅಲ್ಲಿಂದ ಪ್ಯಾಲೆಸ್ಟೈನಿನ ಉತ್ತರಕ್ಕೆ ನಾಲ್ಕು ವರ್ಷ ಸವೆಸಿತು. ಅದರ ಜೊತೆಗೆ ಹೋದ ಕರ್ನಲ್ ದೇಸರಾಜ ಅರಸು ಅವರು ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿಯನ್ನು ವರಿಸಿದ್ದವರು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರದ ಮೇಲೆ ಜೋಧಪುರದ ಸವಾರರು ನೇರವಾಗಿ ನುಗ್ಗಿದರು. ಮೈಸೂರಿನವರು ಕಾರ್ಮೆಲ್ ಬೆಟ್ಟದ ತೋಪುಗಳತ್ತ ಏರಿದರು. ಕೈಯಲ್ಲಿ ಭರ್ಜಿ, ಎದುರಿಗೆ ಮೆಷಿನ್‌ಗನ್. ಆ ದಿನದ ಲೆಕ್ಕವನ್ನು ಯುದ್ಧದ ದಾಖಲೆಗಳು ಹೀಗೆ ಹೇಳುತ್ತವೆ: ನಮ್ಮ ಕಡೆಯ ಎಂಟು ಮಂದಿ ಹತರು, 34 ಮಂದಿ ಗಾಯಗೊಂಡವರು. 60 ಕುದುರೆಗಳು ಸತ್ತವು, 83 ಗಾಯಗೊಂಡವು. ಎದುರಾಳಿಗಳ ಪೈಕಿ ಸೆರೆಸಿಕ್ಕವರು ಸುಮಾರು 1,350. ಎದುರಾಳಿಗಳಲ್ಲಿ ಸತ್ತವರೆಷ್ಟು? ಗೆದ್ದವರ ಕಥನದಲ್ಲಿ ಆ ಅಂಕಿಗೆ ಸ್ಥಳವಿಲ್ಲ.

ದೆಹಲಿಯಲ್ಲಿ ಈ ಪಡೆಗಳ ನೆನಪಿಗೆ ಮೂರು ಕಂಚಿನ ಪ್ರತಿಮೆಗಳು ನಿಂತಿವೆ. ತೀನ್ ಮೂರ್ತಿ ಎಂಬ ಹೆಸರು ಬಂದದ್ದು ಅವುಗಳಿಂದ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕಸ್ತಂಭವಿದೆ. 2017ರ ಜುಲೈ 6ರಂದು ಭಾರತದ ಪ್ರಧಾನಿಯವರು ಇಸ್ರೇಲಿನ ಪ್ರಧಾನಿಯವರೊಡನೆ ಹೈಫಾದ ಭಾರತೀಯ ಸಮಾಧಿಸ್ಥಳಕ್ಕೆ ಹೋಗಿ ಹೂವಿರಿಸಿದರು. 2018ರ ಜನವರಿಯಲ್ಲಿ ದೆಹಲಿಯ ವೃತ್ತಕ್ಕೆ ತೀನ್ ಮೂರ್ತಿ ಹೈಫಾ ಚೌಕವೆಂದು ನಾಮಕರಣವಾಯಿತು. ಮೈಸೂರಿನವರಿಗೆ ಹೆಮ್ಮೆಯಾಯಿತು, ಸಹಜವೇ. ಆದರೆ ಒಂದು ಮಾತನ್ನು ಮರೆಯಬಾರದು. ಶ್ರಾವಕನಿಗೆ ವಿರೋಧಿ ಹಿಂಸೆ, ಎಂದರೆ ತನ್ನನ್ನೂ ತನ್ನ ನಾಡನ್ನೂ ಕಾಪಾಡಿಕೊಳ್ಳಲು ಆಗುವ ಹಿಂಸೆ, ಅನಿವಾರ್ಯವೆಂದು ಶಾಸ್ತ್ರಕಾರರು ಒಪ್ಪಿದ್ದಾರೆ. ತುರ್ಕಿಯ ಸೈನ್ಯ ಮೈಸೂರಿನ ಗಡಿಗೆ ಬಂದಿರಲಿಲ್ಲ. ಕಾರ್ಮೆಲ್ ಬೆಟ್ಟದ ಮೇಲೆ ಕುದುರೆಯಿಂದ ಬಿದ್ದವನು ತನ್ನ ಊರನ್ನು ಕಾಪಾಡುತ್ತಿರಲಿಲ್ಲ, ಬೇರೊಂದು ಸಾಮ್ರಾಜ್ಯದ ಕಾಲುವೆಯನ್ನೂ ಬಂದರನ್ನೂ ಕಾಪಾಡುತ್ತಿದ್ದನು.

ಮಹಾರಾಜರಿಗೆ ಸ್ವಾತಂತ್ರ್ಯವೆಲ್ಲಿತ್ತು ಎಂದು ಕೇಳುವಿರಿ. ನ್ಯಾಯವಾದ ಪ್ರಶ್ನೆ. 1881ರಲ್ಲಿ ರಾಜ್ಯವನ್ನು ಹಿಂದಿರುಗಿಸಿದ ಬ್ರಿಟಿಷರು ಬಿಗಿಯಾದ ಷರತ್ತುಗಳನ್ನು ವಿಧಿಸಿದ್ದರು. ಯುದ್ಧದ ಹೊತ್ತಿಗೆ ವರ್ಷಕ್ಕೆ 35 ಲಕ್ಷ ರೂಪಾಯಿ ಪೊಗದಿ ಸಲ್ಲಬೇಕಾಗಿತ್ತು. ಆದರೆ ಯುದ್ಧ ಆರಂಭವಾದಾಗ ಅದರ ಮೇಲೆ 50 ಲಕ್ಷ ರೂಪಾಯಿಯನ್ನು ಮೈಸೂರು ದೇಣಿಗೆಯಾಗಿ ಅರ್ಪಿಸಿತು. ಪೊಗದಿ ಬೇರೆ, ಕಾಣಿಕೆ ಬೇರೆ. ಚಿನ್ನದ ಗಣಿಯ ಮಾತು ಬರುವುದು ಇಲ್ಲಿಯೇ.

ಜಾನ್ ಟೇಲರ್ ಕಂಪನಿ 1880ರಿಂದ ಕೋಲಾರದ ನೆಲವನ್ನು ಅಗೆಸಿತು. ತೆಗೆದ ಚಿನ್ನದ ಮೇಲೆ ಮೈಸೂರಿಗೆ ರಾಯಲ್ಟಿ ಬರುತ್ತಿತ್ತು. ರಾಯಲ್ಟಿ ಎಂಬ ಮಾತಿನಲ್ಲಿಯೇ ರಾಜಭಾಗವೆಂಬ ಅರ್ಥ ಅಡಗಿದೆ. ಲಾಭಾಂಶ ಲಂಡನ್ನಿನ ಷೇರುದಾರರಿಗೆ, ರಾಜಭಾಗ ಮೈಸೂರಿನ ಬೊಕ್ಕಸಕ್ಕೆ, ಗಂಧಕದ ಹೊಗೆ ಮತ್ತು ಕಲ್ಲಿನ ಧೂಳು ಕೆಲಸದವನ ಪುಪ್ಪುಸಕ್ಕೆ. 1894ರಲ್ಲಿ ಮಾರಿಕುಪ್ಪದವರೆಗೆ ಹಾಕಿದ ರೈಲುಕವಲು ಬಂಗಾರಪೇಟೆಯಲ್ಲಿ (ಆಗಿನ ಬೌರಿಂಗ್‌ಪೇಟೆ) ಮುಖ್ಯಮಾರ್ಗವನ್ನು ಸೇರುತ್ತದೆ. ಉತ್ತರ ಆರ್ಕಾಟಿನಿಂದಲೂ ಚಿತ್ತೂರಿನಿಂದಲೂ ಬಂದ ಕೂಲಿಗಳು ಆ ಕವಲಿನಲ್ಲಿ ಒಳಹೋದರು. ನೆಲದೊಳಗೆ ಒತ್ತಡ ತಡೆಯಲಾರದೆ ಬಂಡೆ ಸಿಡಿಯುವುದನ್ನು ಗಣಿಯವರು ರಾಕ್‌ಬರ್ಸ್ಟ್ ಎನ್ನುತ್ತಾರೆ. ಆಳ ಹೆಚ್ಚಿದಷ್ಟೂ ಅದು ಹೆಚ್ಚಿತು, ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಮಿಕ್ಕ ಆಳಕ್ಕೆ ಇಳಿಯಿತು. 1914ರಿಂದ 1918ರವರೆಗಿನ ನಾಲ್ಕು ವರ್ಷಗಳಲ್ಲಿ ಆ ಸುರಂಗದಲ್ಲಿ ಸತ್ತವನು ಯುದ್ಧದಲ್ಲಿ ಸತ್ತವನಲ್ಲವೆ? ಅವನ ಬೆವರಿನ ಪಾಲಿದ್ದ ಬೊಕ್ಕಸದಿಂದ ಯುದ್ಧಕ್ಕೆ ದೇಣಿಗೆ ಹೋಯಿತು. ಕಡಲಾಚೆಯ ಯಾವ ಕಲ್ಲಿನಲ್ಲಿಯೂ ಅವನ ಹೆಸರಿಲ್ಲ. 2001ರ ಫೆಬ್ರವರಿ 28ರಂದು ಗಣಿಗಳೇ ಮುಚ್ಚಿದವು. ಸೈನೈಡ್ ದಿಬ್ಬಗಳು ಉಳಿದಿವೆ. ಅವನಿಗೆ ಸ್ಮಾರಕವೆಂದರೆ ಅವೇ.

ಸಿಪಾಯಿಗಳ ಹೆಸರಾದರೂ ಸರಿಯಾಗಿ ಉಳಿಯಿತೆ? ಬ್ರಿಟಿಷ್ ಸಾಮ್ರಾಜ್ಯದ ಯುದ್ಧಸಮಾಧಿ ಆಯೋಗ 1917ರಲ್ಲಿ ಸ್ಥಾಪನೆಯಾದಾಗ ಅದರ ಮೊದಲ ಅಧ್ಯಕ್ಷರು ಅಲ್ಲಿಯ ಯುವರಾಜರು. ಸತ್ತವರೆಲ್ಲರೂ ಸಮಾನರು, ಪದವಿ ವರ್ಣಗಳ ಭೇದವಿಲ್ಲದೆ ಪ್ರತಿಯೊಬ್ಬನ ಹೆಸರೂ ಉಳಿಯತಕ್ಕದ್ದು ಎಂಬುದು ಅದರ ಘೋಷಿತ ತತ್ತ್ವ. 2021ರ ಏಪ್ರಿಲ್‌ನಲ್ಲಿ ಆ ಆಯೋಗವೇ ಪ್ರಕಟಿಸಿದ ವರದಿ ಹೇಳಿದ್ದೇನು? ಭಾರತ, ಆಫ್ರಿಕ, ಈಜಿಪ್ಟ್ ಮುಂತಾದೆಡೆಯ 45,000ದಿಂದ 54,000 ಮಂದಿಯನ್ನು ಅಸಮಾನವಾಗಿ ಸ್ಮರಿಸಲಾಯಿತು. ಕನಿಷ್ಠ 1,16,000 ಮಂದಿ, ಪ್ರಾಯಶಃ 3,50,000ದವರೆಗೆ, ಹೆಸರಿನಿಂದ ಸ್ಮರಿಸಲ್ಪಡಲೇ ಇಲ್ಲ, ಅಥವಾ ಸ್ಮರಣೆಗೇ ಬರಲಿಲ್ಲ. ಕ್ಷಮೆ ಕೇಳಿದವರು ಆಯೋಗದ ಆಡಳಿತಾಧಿಕಾರಿ ಮತ್ತು ಬ್ರಿಟಿಷ್ ರಕ್ಷಣಾ ಸಚಿವರು. ಆಗಲೂ ಅಧ್ಯಕ್ಷ ಪೀಠದಲ್ಲಿ ಇದ್ದವರು ರಾಜಕುಟುಂಬದವರೇ, ಕೆಂಟ್‌ನ ಡ್ಯೂಕ್. ನೂರು ವರ್ಷ ಹೂವಿರಿಸಿದ ಕೈಗಳು ಕಲ್ಲಿನ ಮೇಲೆ ಯಾರ ಹೆಸರಿಲ್ಲವೆಂದು ಒಮ್ಮೆ ತಡವಿ ನೋಡಲಿಲ್ಲ!

ಈ ವಿಷಯದಲ್ಲಿ ನಮ್ಮ ಪೂರ್ವಿಕರು ಮೇಲು. ಗಂಗರಸರು ಕುವಲಾಲಪುರವರೇಶ್ವರರೆಂದು ಹೇಳಿಕೊಂಡವರು. ಕುವಲಾಲವೆಂದರೆ ನಮ್ಮ ಕೋಲಾರವೇ. ಆ ಸೀಮೆಯ ಕೆರೆಯ ಏರಿಗಳ ಮೇಲೆ, ಹೊಲದ ಬದುಗಳಲ್ಲಿ ವೀರಗಲ್ಲುಗಳು ಇಂದಿಗೂ ನಿಂತಿವೆ; 1905ರಲ್ಲಿ ಪ್ರಕಟವಾದ ಕೋಲಾರ ಜಿಲ್ಲೆಯ ಶಾಸನಸಂಪುಟವನ್ನು ತೆರೆದರೆ ಅವುಗಳ ಸಾಲು ಸಾಲೇ ಕಾಣುತ್ತದೆ. ತುರು ಮರಳಿಸಲು ಹೋಗಿ ಸತ್ತವನು, ಊರಳಿವಿನಲ್ಲಿ ಕಾದಿ ಬಿದ್ದವನು, ಅವರಂಥವರ ಹೆಸರು, ಎಷ್ಟೋ ವೇಳೆ ತಂದೆಯ ಹೆಸರು, ಊರು ಅದರಲ್ಲಿರುತ್ತವೆ. ಜೊತೆಗೆ ಅರಸನಾಗಲಿ ಊರೊಡೆಯನಾಗಲಿ ಕೊಟ್ಟ ಭೂಮಿಯ ವಿವರ: ಕಲ್ನಾಡು, ಬಾಳ್ಗಳ್ಚು, ನೆತ್ತರುಗೊಡಗೆ. ನೆತ್ತರು ಸುರಿಸಿದವನ ಮನೆಯವರಿಗೆ ಉಳುವ ನೆಲ! ಬೇಗೂರಿನ ಪ್ರಸಿದ್ಧ ಕಲ್ಲಿನಲ್ಲಿ ನಾಗತ್ತರನು ಕಾದಿ ಸತ್ತ ಬಳಿಕ ಗಂಗ ಎರೆಯಪ್ಪನು ಇರುಗನಿಗೆ ನಾಗತ್ತರ ಪಟ್ಟವನ್ನು ಕಟ್ಟಿ ಊರುಗಳನ್ನು ಕೊಟ್ಟನೆಂದಿದೆ. ಅರಸನ ಕರ್ತವ್ಯ ಅಂದು ಹೂವಿನಿಂದ ಮುಗಿಯುತ್ತಿರಲಿಲ್ಲ.

ಕುದುರೆಗಳ ಮಾತೂ ಇದೆ. ಹೈಫಾದ ಅರವತ್ತು ಕುದುರೆಗಳು ಯಾವ ರಾಜಭಕ್ತಿಯಿಂದ ಸತ್ತವು? ಲಂಡನ್ನಿನಲ್ಲಿ ಯುದ್ಧದಲ್ಲಿ ಸತ್ತ ಪ್ರಾಣಿಗಳಿಗಾಗಿ ಸ್ಮಾರಕವೊಂದನ್ನು ರಾಜಕುಮಾರಿ ಆ್ಯನ್ ಅನಾವರಣ ಮಾಡಿದ್ದು 2004ರಲ್ಲಿ. ಆತಕೂರಿನ ಕಲ್ಲು ಸುಮಾರು 950ರದು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೆರನು ಬೂತುಗನಿಂದ ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿ ಸತ್ತಾಗ ಅದಕ್ಕೂ ಕಲ್ಲು ನೆಟ್ಟು ಭೂಮಿ ಬಿಟ್ಟರು. (ಬೇಟೆಯನ್ನು ನಾನು ಸಮರ್ಥಿಸುತ್ತಿಲ್ಲ. ವೀರಗಲ್ಲಿನ ಮೇಲ್ಪಟ್ಟಿಕೆಯಲ್ಲಿ ಚಾಮರ ಬೀಸುವ ಅಪ್ಸರೆಯರನ್ನೂ ಸಮರ್ಥಿಸುತ್ತಿಲ್ಲ. ಅವರೇ ಎಷ್ಟು ಹುಡುಗರನ್ನು ಕತ್ತಿಯ ಬಾಯಿಗೆ ಕರೆದರೋ.)

ಈಗ ದೊಡ್ಡ ಆಕ್ಷೇಪಣೆಗೆ ಬರುತ್ತೇನೆ. ಅವರವರ ಕರ್ಮ ಅವರವರಿಗೆ. ಅಜ್ಜನ ಹಿಂಸೆಗೆ ಮೊಮ್ಮಗನು ಹೊಣೆಯಲ್ಲ, ಇದು ನಮ್ಮ ಸಿದ್ಧಾಂತದ ತಳಹದಿಯೇ ಅಲ್ಲವೆ ಎಂದು ವಿದ್ವಾಂಸರು ಹೇಳಬಹುದು. ಹೌದು, ಕರ್ಮ ವಂಶಪಾರಂಪರ್ಯವಾಗಿ ಬರುವುದಿಲ್ಲ. ಆದರೆ ಅರಮನೆ ಬರುತ್ತದೆ, ಬಿರುದು ಬರುತ್ತದೆ, ಎಲ್ಲರಿಗಿಂತ ಮೊದಲು ಹೂವಿರಿಸುವ ಅಗ್ರಸ್ಥಾನವೂ ಬರುತ್ತದೆ. ವಂಶದ ಕಾರಣದಿಂದ ಬಂದ ಗೌರವವನ್ನು ಕೈಚಾಚಿ ಸ್ವೀಕರಿಸುವವನು ಅದೇ ವಂಶದ ಋಣವನ್ನು ಮಾತ್ರ ತನ್ನದಲ್ಲವೆಂದರೆ ಅದನ್ನು ಸಿದ್ಧಾಂತವೆನ್ನಲಾಗದು, ಲೆಕ್ಕಪುಸ್ತಕದಲ್ಲಿ ಒಂದೇ ಬದಿಯನ್ನು ಬರೆಯುವ ಜಾಣತನವದು. ವ್ಯಾಪಾರಸ್ಥರಾದ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಋಣ ಬೇಡವಾದರೆ ಸಾಮಾನ್ಯ ನಾಗರಿಕನಾಗಿ ಸಾಲಿನಲ್ಲಿ ನಿಂತು ಹೂವಿರಿಸಲಿ, ಯಾರ ತಕರಾರೂ ಇಲ್ಲ.

ರಾಜರಿಂದ ಇಷ್ಟನ್ನು ನಿರೀಕ್ಷಿಸುವುದು ಅತಿಯಾಯಿತೆ? ಆಗಲಿಲ್ಲವೆಂಬುದಕ್ಕೆ ದೃಷ್ಟಾಂತಗಳಿವೆ. ಜಪಾನಿನ ಚಕ್ರವರ್ತಿಯಾಗಿದ್ದ ಅಕಿಹಿತೊ 2015ರ ಏಪ್ರಿಲ್‌ನಲ್ಲಿ ಪೆಲೆಲಿಯು ದ್ವೀಪಕ್ಕೆ ಹೋಗಿ ಜಪಾನೀ ಸ್ಮಾರಕಕ್ಕೆ ನಮಿಸಿ ಅಷ್ಟಕ್ಕೇ ಬಿಡಲಿಲ್ಲ, ಅಲ್ಲಿಯೇ ಸತ್ತ ಅಮೆರಿಕದ ಸೈನಿಕರ ಸ್ಮಾರಕಕ್ಕೂ ಹೂವಿರಿಸಿದರು. ನೆದರ್ಲೆಂಡಿನ ದೊರೆ ವಿಲ್ಲೆಮ್ ಅಲೆಕ್ಸಾಂಡರ್ 2020ರ ಮಾರ್ಚ್‌ನಲ್ಲಿ ಇಂಡೋನೇಷ್ಯಕ್ಕೆ ಹೋಗಿ, ಅಲ್ಲಿಯ ವೀರರ ಸಮಾಧಿಸ್ಥಳದಲ್ಲಿ ಪುಷ್ಪಚಕ್ರವನ್ನಿರಿಸಿ, 1945ರ ನಂತರದ ವರ್ಷಗಳಲ್ಲಿ ಡಚ್ಚರು ನಡೆಸಿದ ಅತಿರೇಕದ ಹಿಂಸೆಗಾಗಿ ಬಾಯಿಬಿಟ್ಟು ಕ್ಷಮೆ ಬೇಡಿದರು. ಇದಕ್ಕೆ ನಮ್ಮಲ್ಲಿ ಆಲೋಚನಾ ಎಂಬ ಹೆಸರಿದೆ: ದೋಷವನ್ನು ಹೆಸರಿಟ್ಟು ಎದುರಿಗೆ ಹೇಳುವುದು.

1997ರ ಅಕ್ಟೋಬರ್ 14ರಂದು ಎರಡನೆಯ ಎಲಿಜಬೆತ್ ರಾಣಿಯವರು ಅಮೃತಸರದ ಜಲಿಯನ್‌ವಾಲಾ ಬಾಗಿನಲ್ಲಿ ಪಾದರಕ್ಷೆ ಕಳಚಿ ಹೂವಿರಿಸಿದರು, ಮೌನವಾಗಿ ನಿಂತರು. ಕ್ಷಮೆಯ ಮಾತು ಬರಲಿಲ್ಲ. ಅವರ ಪತಿಯಂತೂ ಫಲಕದಲ್ಲಿದ್ದ ಹತರ ಸಂಖ್ಯೆ ಹೆಚ್ಚಾಯಿತೆಂದು ತಕರಾರು ತೆಗೆದು, ತನಗೆ ಹಾಗೆಂದು ತಿಳಿಸಿದವನು ಜನರಲ್ ಡಯರನ ಮಗನೆಂದರೆಂಬುದು ಅಂದಿನ ಪತ್ರಿಕೆಗಳಲ್ಲಿ ವರದಿಯಾಯಿತು. ಸ್ಮರಣೆಗೆಂದು ಹೋಗಿ ಹೆಣಗಳ ಲೆಕ್ಕದಲ್ಲಿ ಚೌಕಾಸಿ! ಅರಮನೆಗಳಿಗೆ ಬೇರೆ ಬಗೆಯ ಸ್ಮಾರಕ ಗೊತ್ತಿಲ್ಲವೆಂದೂ ಅಲ್ಲ. ಮೈಸೂರಿನ ರಾಜಕುಮಾರಿ ಕೃಷ್ಣಾಜಮ್ಮಣ್ಣಿ, ಅಂದರೆ ಕರ್ನಲ್ ದೇಸರಾಜ ಅರಸರ ಪತ್ನಿ, ಕ್ಷಯದಿಂದ ತೀರಿಕೊಂಡಾಗ ಸೋದರನು ಅವರ ಹೆಸರಿನಲ್ಲಿ ಕ್ಷಯರೋಗಿಗಳ ಆಸ್ಪತ್ರೆಯನ್ನೇ ಕಟ್ಟಿಸಿದರು. ತಮ್ಮ ಮನೆಯ ಸಾವಿಗೆ ಮರುಗಿದ ಅದೇ ಮನಸ್ಸು ಬೆಟ್ಟದಲ್ಲಿ ಬಿದ್ದವನ ಮನೆಗೂ ಗಣಿಯಲ್ಲಿ ಹೂತುಹೋದವನ ಮನೆಗೂ ವಿಸ್ತರಿಸಬೇಕಿತ್ತೆಂಬುದಷ್ಟೇ ನನ್ನ ದೂರು.

ಭರತ ಬಾಹುಬಲಿಯರ ಸೈನ್ಯಗಳು ಎದುರುಬದುರಾದಾಗ ಮಂತ್ರಿಗಳು ಮುಂದೆ ಬಂದು, ಅಣ್ಣತಮ್ಮಂದಿರ ವ್ಯಾಜ್ಯಕ್ಕೆ ಪ್ರಜೆಗಳೇಕೆ ಸಾಯಬೇಕೆಂದು ತಡೆದರು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರನ್ನೂ ಅರಸರೇ ಮಾಡಿದರು. ಈ ಕಥೆಯನ್ನು ನಾವು ಮಸ್ತಕಾಭಿಷೇಕದ ಕಾಲದಲ್ಲಿ ಹೇಳಿ ಮುಗಿಸಿಬಿಡುತ್ತೇವೆ. ಹೈಫಾ ಯುದ್ಧದ ಶತಮಾನದ ದಿನವಾದ 2018ರ ಸೆಪ್ಟೆಂಬರ್ 23 ಅನಂತ ಚತುರ್ದಶಿಯಾಗಿತ್ತು, ದಶಲಕ್ಷಣ ಪರ್ವದ ಕೊನೆಯ ದಿನ. ಕ್ಷಮಾವಣಿಗೆ ಸಿದ್ಧರಾಗುತ್ತಿದ್ದ ನಮ್ಮ ಯಾವ ಬಸದಿಯಲ್ಲಾದರೂ ಅಂದು ಆ ಎಂಟು ಜನರಿಗಾಗಿ, ಆ ಅರವತ್ತು ಕುದುರೆಗಳಿಗಾಗಿ, ಎದುರಿಗಿದ್ದ ಲೆಕ್ಕವಿಲ್ಲದ ತುರ್ಕರಿಗಾಗಿ ಒಂದು ಖಾಮೇಮಿ ಸವ್ವಜೀವಾಣಂ ಹೇಳಿದೆವೆ?

ಇನ್ನು ನಮ್ಮ ಟ್ರಸ್ಟುಗಳ ಮಾತು. ಕಟ್ಟಡದ ಗೋಡೆಗಳಲ್ಲಿ ದಾನಿಗಳ ಹೆಸರನ್ನು ಮೊತ್ತಸಹಿತ ಅಮೃತಶಿಲೆಯಲ್ಲಿ ಕೆತ್ತಿಸುವುದರಲ್ಲಿ ನಾವು ಯಾವ ಅರಮನೆಗೂ ಕಡಮೆಯಿಲ್ಲ. ಗಣಿಯ ಊರಿನ ವ್ಯಾಪಾರದಿಂದ ಬಾಳಿದ ಮನೆತನಗಳು ನಮ್ಮಲ್ಲಿಯೂ ಇವೆ. ಗಣಿಕೆಲಸದವರ ಸಂಬಳದ ದಿನದಿಂದ ನಮ್ಮ ಅಂಗಡಿಗಳ ಗಲ್ಲಾ ತುಂಬಿದ್ದುಂಟು, ಆ ಗಲ್ಲಾದಿಂದ ದೇವಾಲಯದ ಕಲಶಕ್ಕೆ ಚಿನ್ನ ಬಂದದ್ದೂ ಉಂಟು. ಆದುದರಿಂದ ರಾಜವಂಶದ ಅತಿಥಿಗಳಿಗೆ ಸನ್ಮಾನ, ಸ್ಮರಣಿಕೆ, ಮೆರವಣಿಗೆ ಎಂದು ಯಾರಾದರೂ ಬಂದು ದೇಣಿಗೆ ಕೇಳಿದರೆ ಬಂಗಾರಪೇಟೆಯ, ರಾಬರ್ಟ್‌ಸನ್‌ಪೇಟೆಯ ಟ್ರಸ್ಟಿಗಳು ಆ ಹಣವನ್ನು ಬೇರೆ ಕೆಲಸಕ್ಕೆ ತೊಡಗಿಸಲೆಂದು ವಿನಂತಿ. ಗಣಿಯಲ್ಲಿ ಸತ್ತವರ ಹೆಸರುಗಳನ್ನು ಕಡತಗಳಿಂದ, ಚರ್ಚಿನ ಮತ್ತು ಮಸೀದಿಯ ಪುಸ್ತಕಗಳಿಂದ, ಮುದುಕರ ಬಾಯಿಂದ ಕೂಡಿಹಾಕಲಿ. ಒಂದು ಗೋಡೆಯನ್ನು ಅದಕ್ಕಾಗಿ ಬಿಡಲಿ. ಅವರ ಮೊಮ್ಮಕ್ಕಳಲ್ಲಿ ಓದುವವರಿಗೆ ಶಾಲಾಶುಲ್ಕ ಕಟ್ಟಲಿ. ಅದೇ ನಮ್ಮ ಕಾಲದ ನೆತ್ತರುಗೊಡಗೆ. ಕ್ಷಮಾವಣಿಯ ದಿನ ಆ ಹೆಸರುಗಳನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿಸಲಿ. ರಾಜಮನೆತನದವರು ಬರುವೆವೆಂದರೆ ಧಾರಾಳವಾಗಿ ಬರಲಿ, ಹೂವಿನ ಏರ್ಪಾಡು ಬೇಡ. ಹೆಸರು ಓದುವ ಕೆಲಸವನ್ನೇ ಅವರ ಕೈಗೆ ಕೊಡಬಹುದು.