ಕ್ರಿಯಾಪದವಿಲ್ಲದ ಗಾದೆಗಳು

ವಾಕ್ಯವೆಂದ ಮೇಲೆ ಅದರಲ್ಲಿ ಕರ್ತೃಪದವೂ ಕ್ರಿಯಾಪದವೂ ಇರಲೇಬೇಕೆಂದು ನಮ್ಮ ವಿದ್ಯಾರ್ಥಿಗಳು ಇಂಗ್ಲಿಷ್ ವ್ಯಾಕರಣದಲ್ಲಿ ಕಲಿಯುತ್ತಾರೆ. ಈ ನಿಯಮವನ್ನು ನಂಬಿದವನು ‘ದಿ ಮೋರ್, ದಿ ಮೆರಿಯರ್’ ಎಂಬ ಗಾದೆಯನ್ನು ಕಂಡು ತಬ್ಬಿಬ್ಬಾಗುವುದು ಸಹಜ. ಜನ ಹೆಚ್ಚಿದಷ್ಟೂ ಸಂತೋಷ ಹೆಚ್ಚು ಎಂಬುದು ಇದರ ಅರ್ಥ, ಕ್ರಿಯಾಪದವೆಲ್ಲಿ? ಇದೊಂದು ಅಪವಾದ, ಬಾಯಿಪಾಠ ಮಾಡು ಎಂಬ ಉತ್ತರ ಅವನಿಗೆ ದೊರೆಯುತ್ತದೆ. ಭೌತವಿಜ್ಞಾನವನ್ನು ಬೋಧಿಸುವ ನನಗೆ ಈ ಉತ್ತರ ಸಮ್ಮತವಲ್ಲ. ಅಪವಾದ ಕಂಡಲ್ಲಿ ಕಾರಣವನ್ನು ಅರಸಬೇಕು.

ಕಾರಣವು ಹಳೆಯ ಇಂಗ್ಲಿಷಿನಲ್ಲಿದೆ. ಈ ಗಾದೆಯ ‘ದಿ’ ನಾವು ಬಲ್ಲ ಆರ್ಟಿಕಲ್ ಅಲ್ಲ. ಅಂದಿನ ಭಾಷೆಯಲ್ಲಿ ‘ಅದು’ ಎಂಬರ್ಥದ ಸರ್ವನಾಮಕ್ಕೆ ವಿಭಕ್ತಿರೂಪಗಳಿದ್ದುವು; ನಮ್ಮ ತೃತೀಯಾ ವಿಭಕ್ತಿಗೆ ಸಮಾನವಾದ ಒಂದು ರೂಪ ಸವೆದು ಈ ‘ದಿ’ ಆಗಿದೆ. ‘ಎಷ್ಟರಿಂದ ಹೆಚ್ಚೋ ಅಷ್ಟರಿಂದ’ ಎಂಬ ಭಾವ ಅದರಲ್ಲಿ ಅಡಗಿದೆ. ಕನ್ನಡದ ‘ಎಷ್ಟು–ಅಷ್ಟು’ ಜೋಡಿ ಮಾಡುವ ಕೆಲಸವೇ ಇದು. (ಕ್ರಿಯಾಪದದ ಅಭಾವವಂತೂ ನಮಗೆ ಹೊಸದಲ್ಲ, ‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎಂಬಲ್ಲಿ ಯಾರೂ ಅದನ್ನು ಹುಡುಕುವುದಿಲ್ಲ.) 1988ರಲ್ಲಿ ಫಿಲ್ಮೋರ್, ಕೇ ಮತ್ತು ಓಕಾನರ್ ಎಂಬ ಭಾಷಾವಿಜ್ಞಾನಿಗಳು ಇಂತಹ ರಚನೆಗಳನ್ನು ಹೊಸ ಪದಗಳನ್ನು ತುಂಬಬಹುದಾದ ಅಚ್ಚುಗಳೆಂದು ವಿವರಿಸಿದರು.

ಈ ಅಚ್ಚು ನಮ್ಮ ವಿಜ್ಞಾನದ ಪುಸ್ತಕಗಳಲ್ಲಿಯೂ ಬರುತ್ತದೆ. ಅದನ್ನು ಅರಿಯದಿದ್ದರೆ ನಷ್ಟವಿದೆ. ‘ದಿ ಲಾಂಗರ್ ದಿ ಪೆಂಡುಲಮ್, ದಿ ಲಾಂಗರ್ ದಿ ಪೀರಿಯಡ್’ ಎಂಬುದನ್ನು ಓದಿದ ಅನೇಕರು ಲೋಲಕದ ಅವಧಿಯು ಅದರ ಉದ್ದಕ್ಕೆ ಅನುಪಾತದಲ್ಲಿದೆ ಎಂದು ಬರೆದುಬಿಡುತ್ತಾರೆ. ವಾಕ್ಯ ಹಾಗೆ ಹೇಳುವುದಿಲ್ಲ. ಒಂದು ಹೆಚ್ಚಿದರೆ ಮತ್ತೊಂದೂ ಹೆಚ್ಚುವುದೆಂದಷ್ಟೇ ಅದು ತಿಳಿಸುತ್ತದೆ. ಎಷ್ಟೆಂಬುದನ್ನು ಸೂತ್ರವೇ ಹೇಳಬೇಕು. 1 ಮೀಟರ್ ಉದ್ದದ ಲೋಲಕದ ಅವಧಿ ಸುಮಾರು 2 ಸೆಕೆಂಡು. 4 ಮೀಟರಿನದು 8 ಅಲ್ಲ, ಸುಮಾರು 4 ಸೆಕೆಂಡು.

ನುಡಿಗಟ್ಟುಗಳದು ಬೇರೆ ಬಗೆ. ‘ಕಿಕ್ ದಿ ಬಕೆಟ್’, ಅಂದರೆ ಸಾಯುವುದು, ವ್ಯಾಕರಣಕ್ಕೆ ಸರಿಯಾಗಿಯೇ ಇದೆ. ಆದರೆ ಅದನ್ನು ಕರ್ಮಣಿ ಪ್ರಯೋಗಕ್ಕೆ ತಿರುಗಿಸಿದೊಡನೆ ಸಾವಿನ ಅರ್ಥ ಮಾಯವಾಗಿ ಒದೆ ತಿಂದ ಬಕೆಟ್ಟು ಮಾತ್ರ ಉಳಿಯುತ್ತದೆ. ಗುಟ್ಟನ್ನು ಬಿಟ್ಟುಕೊಡುವುದೆಂಬ ಅರ್ಥದ ‘ಸ್ಪಿಲ್ ದಿ ಬೀನ್ಸ್’ ಆದರೋ ಕರ್ಮಣಿಯಲ್ಲಿಯೂ ಅರ್ಥ ಕೆಡದೆ ನಿಲ್ಲುತ್ತದೆ. ಇಲ್ಲಿ ‘ಬೀನ್ಸ್’ ಗುಟ್ಟಿಗೂ ‘ಸ್ಪಿಲ್’ ಬಯಲುಮಾಡುವುದಕ್ಕೂ ಬೇರೆಬೇರೆಯಾಗಿ ನಿಂತಿವೆ. ಬಕೆಟ್ಟಾದರೋ ಯಾವುದಕ್ಕೂ ನಿಂತಿಲ್ಲ. ಅದೇ ಗುಟ್ಟಿನ ಅರ್ಥದ ‘ಲೆಟ್ ದಿ ಕ್ಯಾಟ್ ಔಟ್ ಆಫ್ ದಿ ಬ್ಯಾಗ್’ ಎಂಬುದನ್ನು ವಾಚಕರೇ ಹೀಗೆ ತಿರುಗಿಸಿ ಪರೀಕ್ಷಿಸಬಹುದು.