ಹಾಲ್ ಬುಕ್ ಮಾಡುವ ಮೊದಲು ಟಾಯ್ಲೆಟ್ ಎಣಿಸಿ

ಹೃದಯದ ಡಾಕ್ಟರು ಟಾಯ್ಲೆಟ್ ಬಗ್ಗೆ ಯಾಕೆ ಬರೆಯುತ್ತಿದ್ದಾರೆ ಅಂತ ನಿಮಗೆ ಅನಿಸಬಹುದು. ಬಿ.ಪಿ., ಕೊಲೆಸ್ಟ್ರಾಲ್, ಎಣ್ಣೆ, ಉಪ್ಪು ಇವುಗಳ ಬಗ್ಗೆ ಬೇಕಾದಷ್ಟು ಓದಿದ್ದೀರಿ. ಇವತ್ತು ಯಾರೂ ಬಾಯಿ ಬಿಟ್ಟು ಹೇಳದ ವಿಷಯಕ್ಕೆ ಬರುತ್ತೇನೆ. ಸ್ವಲ್ಪ ಲೆಕ್ಕವೂ ಇದೆ, ಬೇಸರ ಮಾಡಿಕೊಳ್ಳಬೇಡಿ.

ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ, ಎಲ್ಲೇ ಇರಲಿ, ನಮ್ಮವರು ಒಂದು ಕಡೆ ಸೇರಬೇಕಾದರೆ ಹಾಲ್ ಬೇಕು. ಮದುವೆ, ಉಪನಯನ, ರಾಜ್ಯೋತ್ಸವ, ದಾಸರ ಪದಗಳ ಕಾರ್ಯಕ್ರಮ, ಊರಿಂದ ಬಂದ ಯಕ್ಷಗಾನ ಮೇಳ. ಬುಕ್ ಮಾಡಲು ಹೋದವರು ಏನೇನು ಕೇಳುತ್ತಾರೆ? ಪಾರ್ಕಿಂಗ್ ಎಷ್ಟು, ಎ.ಸಿ. ಇದೆಯಾ, ಒಂದು ಪಂಕ್ತಿಗೆ ಎಷ್ಟು ಎಲೆ ಹಾಕಬಹುದು, ಅಡುಗೆಯವರನ್ನು ನಾವೇ ಕರೆತರಬಹುದಾ. "ಹೆಂಗಸರಿಗೆ ಎಷ್ಟು ಟಾಯ್ಲೆಟ್ ಇದೆ, ಅದರಲ್ಲಿ ಎಷ್ಟು ನಡೆಯುತ್ತಿವೆ?" ಎಂದು ಕೇಳಿದವರನ್ನು ನಾನು ಇನ್ನೂ ನೋಡಿಲ್ಲ.

ಆ ಪ್ರಶ್ನೆಯ ಉತ್ತರ ನನ್ನ ಕ್ಲಿನಿಕ್ಕಿಗೆ ಬರುತ್ತದೆ. ಗದಗ ಕಡೆಯ ಹಿರಿಯ ಹೆಂಗಸೊಬ್ಬರು, ಈಗ ಮಗನ ಜೊತೆ ಪುಣೆಯಲ್ಲಿದ್ದಾರೆ. ಹೃದಯದ ಪಂಪಿಂಗ್ ಕಡಿಮೆ, ಅದಕ್ಕೆ ದಿನಾ ನೀರು ಹೋಗುವ ಮಾತ್ರೆ ಕೊಟ್ಟಿದ್ದೆ. ನೆಂಟರ ಮದುವೆ ಮುಗಿಸಿ ಬಂದ ಎರಡನೇ ರಾತ್ರಿ ಮಲಗಲಾಗದೆ ಎದ್ದು ಕೂತಿದ್ದಾರೆ. ಉಸಿರು ಸಿಗುತ್ತಿಲ್ಲ, ಕಾಲು ಬಾತಿದೆ. ನಾಲ್ಕು ದಿನ ಆಸ್ಪತ್ರೆ. "ಮಾತ್ರೆ ತಗೊಂಡಿರಾ?" ಎಂದು ಕೇಳಿದರೆ ಮೊದಲು ತಲೆಯಾಡಿಸಿದರು. ಸೊಸೆ ಹೊರಗೆ ಹೋದ ಮೇಲೆ ಮೆಲ್ಲಗೆ ಹೇಳಿದರು: "ಇಲ್ರಿ ಡಾಕ್ಟರ್ರ, ಮೂರು ದಿನ ಬಿಟ್ಟೇನ್ರಿ. ಅಲ್ಲಿ ಇರೋದ ಎರಡು ಪಾಯಖಾನಿ. ಮಂದಿ ನೋಡಿದ್ರ ಜಾತ್ರಿ ಇದ್ದಂಗಿತ್ತು. ಸೀರಿ ಹಿಡ್ಕೊಂಡು ಎಷ್ಟೊತ್ತಂತ ನಿಲ್ಲೂದ್ರಿ?"

ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಫ್ರುಸೆಮೈಡ್, ಟಾರ್ಸೆಮೈಡ್ ತರಹದ ಮಾತ್ರೆ ನುಂಗಿದ ಒಂದು ಗಂಟೆಯೊಳಗೆ ಕೆಲಸ ಶುರುವಾಗುತ್ತದೆ, ಸುಮಾರು ಆರು ಗಂಟೆ ನಡೆಯುತ್ತದೆ. ಬೆಳಿಗ್ಗೆ ಎಂಟಕ್ಕೆ ತಗೊಂಡವರು ಮಧ್ಯಾಹ್ನದ ಊಟದೊಳಗೆ ನಾಲ್ಕೈದು ಸಲ ಒಂದಕ್ಕೆ ಹೋಗಲೇಬೇಕು, ಅದೂ ಅವಸರದಲ್ಲಿ. ಮದುವೆಯ ಮುಹೂರ್ತ ಬರುವುದೂ ಅದೇ ಹೊತ್ತಿಗೆ. ಟಾಯ್ಲೆಟ್ ಮುಂದೆ ಅರ್ಧ ಗಂಟೆಯ ಸಾಲಿದ್ದರೆ ಅವರ ಮುಂದೆ ಮೂರೇ ದಾರಿ: ಮನೆಯಲ್ಲೇ ಉಳಿಯುವುದು, ಮಾತ್ರೆ ಬಿಡುವುದು, ಅಥವಾ ಎಲ್ಲರೆದುರು ಸೀರೆ ಒದ್ದೆಯಾಗುವ ಭಯದಲ್ಲಿ ಕೂರುವುದು. ಹೆಚ್ಚಿನವರು ಎರಡನೆಯದನ್ನೇ ಆರಿಸುತ್ತಾರೆ.

ಮಾತ್ರೆ ಇಲ್ಲದವರು ಇನ್ನೊಂದು ಉಪಾಯ ಮಾಡುತ್ತಾರೆ, ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ. ನಮ್ಮ ಅಕ್ಕಂದಿರು, ಅತ್ತಿಗೆಯರು ಇದರಲ್ಲಿ ಪಳಗಿದವರು. ಮೇ ತಿಂಗಳ ಚೆನ್ನೈಯಲ್ಲಿ, ರೇಷ್ಮೆ ಸೀರೆಯಲ್ಲಿ, ಒಂದು ಲೋಟ ಕಾಫಿಯ ಮೇಲೆ ಮಧ್ಯಾಹ್ನ ಎರಡರವರೆಗೆ. ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು ಹೀಗೆ ಒಣಗಿದರೆ ಎದ್ದು ನಿಂತಾಗ ಕಣ್ಣು ಕತ್ತಲೆ ಬಂದು ಬೀಳುತ್ತಾರೆ. ಸಕ್ಕರೆ ಕಾಯಿಲೆ ಇರುವವರ ಕಿಡ್ನಿಗೆ ಪೆಟ್ಟು. ಎರಡು ದಿನ ಬಿಟ್ಟು ಉರಿಮೂತ್ರ. ಕಟ್ಟಿಕೊಂಡು ಕೂತರೂ ಸುಖವಿಲ್ಲ. ಮೂತ್ರಕೋಶ ತುಂಬಿದ್ದರೆ ಬಿ.ಪಿ. 10ರಿಂದ 15 ಪಾಯಿಂಟ್ ಏರಬಹುದು. ಬಿ.ಪಿ. ನೋಡುವ ಮೊದಲು "ಬಾತ್‌ರೂಮಿಗೆ ಹೋಗಿ ಬನ್ನಿ" ಎಂದು ನಾವು ಹೇಳುವುದು ಇದಕ್ಕೇ.

ಈಗ ಲೆಕ್ಕ. ಒಂದು ಕಟ್ಟಡಕ್ಕೆ ಎಷ್ಟು ಟಾಯ್ಲೆಟ್ ಬೇಕು?

ಇದಕ್ಕೆ ನಿಯಮ ಇಲ್ಲದೇ ಇಲ್ಲ. ನಮ್ಮ ದೇಶದ ನ್ಯಾಷನಲ್ ಬಿಲ್ಡಿಂಗ್ ಕೋಡ್ ಇದೆ, 2016ರಲ್ಲಿ ಪರಿಷ್ಕರಿಸಿದ್ದು. ಆಫೀಸಿಗೆ 25 ಗಂಡಸರಿಗೊಂದು, 15 ಹೆಂಗಸರಿಗೊಂದು. ಸಿನಿಮಾ, ನಾಟಕ, ಸಭಾಂಗಣಗಳಿಗೆ ಹೆಂಗಸರ ಲೆಕ್ಕ ಬೇರೆ: ಮೊದಲ 200 ಜನರವರೆಗೆ ನೂರಕ್ಕೆ 3, ಆಮೇಲೆ ನೂರಕ್ಕೆ 2. ಸ್ವಚ್ಛ ಭಾರತ ಯೋಜನೆಯಲ್ಲಿ ಚಾಳು, ಬಸ್ತಿಗಳ ಸಮುದಾಯ ಶೌಚಾಲಯಕ್ಕೆ 35 ಗಂಡಸರಿಗೊಂದು, 25 ಹೆಂಗಸರಿಗೊಂದು ಎಂದಿದೆ. ಅಂದರೆ ಹೆಂಗಸರಿಗೆ ಹೆಚ್ಚು ಬೇಕು ಎಂಬುದು ಕಾಗದದ ಮೇಲೆ ಎಲ್ಲರೂ ಒಪ್ಪಿಕೊಂಡ ಮಾತು.

ನನ್ನ ತಕರಾರು ಏನೆಂದರೆ, ತಲೆ ಎಣಿಸಿದರೆ ಸಾಲದು, ನಿಮಿಷ ಎಣಿಸಬೇಕು. ಆಫೀಸಿನಲ್ಲಿ ಜನ ದಿನವಿಡೀ ಒಬ್ಬೊಬ್ಬರಾಗಿ ಹೋಗುತ್ತಾರೆ. ಹಾಲಿನಲ್ಲಿ ಹಾಗಲ್ಲ, ಇಂಟರ್ವಲ್ ಎಂದ ತಕ್ಷಣ ಎಲ್ಲರೂ ಒಟ್ಟಿಗೆ ಏಳುತ್ತಾರೆ. ಹೋಗುವ ಜನರನ್ನು ಒಬ್ಬರಿಗೆ ಬೇಕಾದ ನಿಮಿಷದಿಂದ ಗುಣಿಸಿ, ಸಿಗುವ ನಿಮಿಷದಿಂದ ಭಾಗಿಸಿ. ಬಂದ ಉತ್ತರವೇ ಬೇಕಾದ ಟಾಯ್ಲೆಟ್. ಆರನೇ ಕ್ಲಾಸಿನ ಮಗು ಮಾಡುವ ಲೆಕ್ಕ.

600 ಕುರ್ಚಿಯ ಹಾಲ್ ಇಟ್ಟುಕೊಳ್ಳಿ. 300 ಹೆಂಗಸರು, 300 ಗಂಡಸರು. ಇಂಟರ್ವಲ್ 15 ನಿಮಿಷ. ಇದರಲ್ಲಿ ಅರ್ಧ ಜನ ಹೋಗುತ್ತಾರೆ ಎನ್ನೋಣ, ಇದು ನನ್ನ ಅಂದಾಜು. ಗಂಡಸರು 150, ಯೂರಿನಲ್ ಮುಂದೆ ಒಬ್ಬರಿಗೆ 40 ಸೆಕೆಂಡ್. ಒಟ್ಟು 100 ನಿಮಿಷ, ಹದಿನೈದರಿಂದ ಭಾಗಿಸಿದರೆ 7 ಯೂರಿನಲ್ ಸಾಕು. ಹೆಂಗಸರೂ 150. ಬಾಗಿಲು ಹಾಕಬೇಕು, ಚಿಲಕ ಬೀಳದಿದ್ದರೆ ಬ್ಯಾಗು ಒತ್ತಿ ಹಿಡಿಯಬೇಕು, ಸೀರೆ ಎತ್ತಬೇಕು, ಮತ್ತೆ ಸರಿಮಾಡಿಕೊಳ್ಳಬೇಕು, ಜೊತೆಗೆ ಮಗುವೂ ಇರಬಹುದು. ಒಬ್ಬರಿಗೆ 2 ನಿಮಿಷ ಎಂದರೆ ಜಿಪುಣತನದ ಲೆಕ್ಕವೇ. ಒಟ್ಟು 300 ನಿಮಿಷ. ಹದಿನೈದರಿಂದ ಭಾಗಿಸಿ: 20 ಟಾಯ್ಲೆಟ್.

ಕೋಡ್ ಪ್ರಕಾರ 300 ಹೆಂಗಸರಿಗೆ ಬರುವುದು 8. ಆ 8ರಲ್ಲಿ 150 ಜನ ಮುಗಿಸಲು ಮೂವತ್ತೇಳೂವರೆ ನಿಮಿಷ ಬೇಕು. ಇಂಟರ್ವಲ್ ಮುಗಿದು ಇಪ್ಪತ್ತು ನಿಮಿಷವಾದರೂ ಸಾಲು ಇದ್ದೇ ಇರುತ್ತದೆ. ಇದು ಎಲ್ಲವೂ ಸರಿಯಾಗಿದ್ದಾಗಿನ ಮಾತು. ನಾವು ನೋಡುವ ಹಾಲುಗಳ ಕತೆ ಬೇರೆ. ನಕ್ಷೆಯಲ್ಲಿ 4 ಇರುತ್ತವೆ. ಒಂದಕ್ಕೆ "ವಿ.ಐ.ಪಿ." ಎಂದು ಬೀಗ, ಇನ್ನೊಂದರಲ್ಲಿ ಪೊರಕೆ, ಬಕೆಟ್, ಮುರಿದ ಕುರ್ಚಿ. ಉಳಿದದ್ದು 2. ಆ ಎರಡರಲ್ಲಿ 150 ಹೆಂಗಸರು ಮುಗಿಸಲು ಎರಡೂವರೆ ಗಂಟೆ ಬೇಕು. ಅಷ್ಟರಲ್ಲಿ ದುಷ್ಟಸಂಹಾರವಾಗಿ ಮಂಗಳವೂ ಮುಗಿದಿರುತ್ತದೆ.

"ಇಬ್ಬರಿಗೂ ಸಮಾನ ಜಾಗ ಕೊಟ್ಟಿದ್ದೇವಲ್ಲ" ಎನ್ನುತ್ತಾರೆ ಕಮಿಟಿಯವರು. ಅದೇ ಮೋಸ. ಒಂದು ಬಾಗಿಲಿನ ಟಾಯ್ಲೆಟ್ ಹಿಡಿಯುವ ಜಾಗದಲ್ಲಿ ಒಂದಕ್ಕಿಂತ ಹೆಚ್ಚು ಯೂರಿನಲ್ ಕೂರುತ್ತವೆ. ಗೋಡೆಯ ಈ ಕಡೆ ಆ ಕಡೆ ಒಂದೇ ಅಳತೆಯ ಕೋಣೆ ಕೊಟ್ಟರೆ ಗಂಡಸರಿಗೆ ಹೆಚ್ಚು ಸ್ಥಳ ಸಿಗುತ್ತದೆ, ಅವರಿಗೆ ಸಮಯವೂ ಕಡಿಮೆ ಸಾಕು. ಎರಡು ಕಡೆಯಿಂದಲೂ ಲಾಭ. ನನ್ನನ್ನು ಕೇಳಿದರೆ, ಗಂಡಸರ ಕಡೆ ಇರುವ ಯೂರಿನಲ್ ಮತ್ತು ಟಾಯ್ಲೆಟ್ ಎಲ್ಲ ಕೂಡಿಸಿ, ಹೆಂಗಸರಿಗೆ ಅದರ ಎರಡರಷ್ಟು ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ಅದನ್ನು ಸಮಾನ ಎಂದು ಕರೆಯಬಾರದು.

ಈ ಮಾತು ನಾನೊಬ್ಬನೇ ಆಡುತ್ತಿಲ್ಲ. ಮುಂಬೈಯಲ್ಲಿ 2011ರಲ್ಲೇ ಮಹಿಳಾ ಸಂಘಟನೆಗಳು "ರೈಟ್ ಟು ಪೀ" ಎಂಬ ಚಳವಳಿ ಶುರುಮಾಡಿದವು. ಗಂಡಸರಿಗೆ ಮೂತ್ರಿ ಪುಕ್ಕಟೆ, ಹೆಂಗಸರಿಂದ ಮಾತ್ರ ದುಡ್ಡು ವಸೂಲಿ, ಇದು ಯಾವ ನ್ಯಾಯ ಎಂದು ಅವರು ಕೇಳಿದರು. ಪುಣೆಯ ಒಂದು ಮಹಿಳಾ ಸಂಘಟನೆ ರಸ್ತೆಗಳಲ್ಲಿ ಹೆಂಗಸರಿಗೆ ಶೌಚಾಲಯವಿಲ್ಲ ಎಂದು ಹೈಕೋರ್ಟಿಗೆ ಹೋಯಿತು. 2015ರ ಡಿಸೆಂಬರಿನಲ್ಲಿ ಬಾಂಬೆ ಹೈಕೋರ್ಟ್ ಪಾಲಿಕೆಗಳಿಗೆ ನಿರ್ದೇಶನ ಕೊಟ್ಟಿತು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ದೇಶದ ಎಲ್ಲ ಕೋರ್ಟುಗಳಲ್ಲೂ ಹೆಂಗಸರು, ಗಂಡಸರು, ಅಂಗವಿಕಲರು, ತೃತೀಯ ಲಿಂಗಿಗಳು ಎಲ್ಲರಿಗೂ ಟಾಯ್ಲೆಟ್ ಇರಬೇಕು ಎಂದು ತೀರ್ಪು ಕೊಟ್ಟಿತು. ನ್ಯಾಯ ಕೊಡುವ ಕಟ್ಟಡದಲ್ಲೇ ಇದನ್ನು ಕೇಳಿ ಪಡೆಯಬೇಕಾಯಿತು ನೋಡಿ.

ಇನ್ನು ಗಂಡಸರು, "ನಮಗೇನು ತೊಂದರೆ ಇಲ್ಲ" ಎಂದು ನಗಬೇಡಿ. 40 ಸೆಕೆಂಡಿನ ಲೆಕ್ಕ ಮೂವತ್ತು ವರ್ಷದವರದ್ದು. ಅರವತ್ತು ದಾಟಿ ಪ್ರಾಸ್ಟೇಟ್ ದೊಡ್ಡದಾದ ಮೇಲೆ ನಿಂತಲ್ಲೇ ನಿಲ್ಲಬೇಕಾಗುತ್ತದೆ, ಹಿಂದೆ ನಿಂತವರು ಕೆಮ್ಮುತ್ತಾರೆ. ಪ್ರಾಸ್ಟೇಟಿಗೆ, ಬಿ.ಪಿ.ಗೆ ಕೊಡುವ ಕೆಲವು ಮಾತ್ರೆಗಳು ನಿಂತಾಗ ಬಿ.ಪಿ. ಇಳಿಸುತ್ತವೆ. ಬಹಳ ಹೊತ್ತು ಕಟ್ಟಿಕೊಂಡಿದ್ದು ನಿಂತು ಹೋಗುವಾಗ ತಲೆ ತಿರುಗಿ ಬಿದ್ದು ಪೆಟ್ಟು ಮಾಡಿಕೊಂಡವರನ್ನು ನಾನು ಸಾಕಷ್ಟು ನೋಡಿದ್ದೇನೆ. ಅಂಥವರು ಕೂತು ಹೋಗುವುದು ಒಳ್ಳೆಯದು. ಅದಕ್ಕೆ ಗಂಡಸರ ಕಡೆಯೂ ಬರೀ ಯೂರಿನಲ್ ಇದ್ದರೆ ಸಾಲದು, ಕಮೋಡ್ ಬೇಕು.

ಎಣಿಸುವಾಗ ಇದೂ ನೆನಪಿರಲಿ: ಮೊಣಕಾಲು ನೋವಿನ ಅಜ್ಜಿಗೆ ಕೂರುವ ಇಂಡಿಯನ್ ಟಾಯ್ಲೆಟ್ ಹತ್ತಿದ್ದರೂ ಸೊನ್ನೆಗೆ ಸಮ. ಪ್ರತಿ ಕಡೆ ಕನಿಷ್ಠ ಎರಡು ಕಮೋಡ್, ಪಕ್ಕದ ಗೋಡೆಗೆ ಹಿಡಿದು ಏಳಲು ಕಂಬಿ, ಮೆಟ್ಟಿಲಿಲ್ಲದ ದಾರಿ. ಹೃದಯದ ಡಾಕ್ಟರಾಗಿ ಒಂದು ಮಾತು ಒತ್ತಿ ಹೇಳುತ್ತೇನೆ. ಬಾಗಿಲು ಹೊರಗೆ ತೆರೆಯುವಂತಿರಲಿ. ಒಳಗೆ ಯಾರಾದರೂ ಕುಸಿದು ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲಿಗೆ ಅವರ ಮೈಯೇ ಅಡ್ಡವಾಗುತ್ತದೆ, ಬಾಗಿಲು ಒಡೆಯುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಹೃದಯ ನಿಂತಾಗ ಎದೆ ಒತ್ತಲು ನಮಗೆ ಸಿಗುವುದು ಕೆಲವೇ ನಿಮಿಷ. ಹೊರಗಿನಿಂದ ನಾಣ್ಯ ಹಾಕಿ ತಿರುಗಿಸಿ ತೆಗೆಯುವಂಥ ಚಿಲಕ ಅಂಗಡಿಯಲ್ಲಿ ಸಿಗುತ್ತದೆ, ದುಬಾರಿಯೂ ಅಲ್ಲ.

ದುಡ್ಡಿನ ಮಾತು ಬಂದರೆ ನನಗೆ ಸ್ವಲ್ಪ ಕಸಿವಿಸಿ. ನಮ್ಮ ಸಂಘಗಳ ಹಾಲಿನಲ್ಲಿ ಫ್ಯಾನಿನ ರೆಕ್ಕೆಯ ಮೇಲೆ ದಾನಿಯ ಹೆಸರು, ಕುರ್ಚಿಯ ಬೆನ್ನಿಗೆ ದಾನಿಯ ಹೆಸರು, ವೇದಿಕೆಗೆ ತೀರಿಕೊಂಡ ಹಿರಿಯರ ಹೆಸರು. ಟಾಯ್ಲೆಟ್ಟಿಗೆ ಅಪ್ಪನ ಹೆಸರಿಡಲು ಯಾರಿಗೂ ಮನಸ್ಸು ಬರುವುದಿಲ್ಲ, ಅದು ನನಗೂ ಅರ್ಥವಾಗುತ್ತದೆ. ಹೆಸರಿಡಬೇಡಿ, ದುಡ್ಡು ಕೊಡಿ. ವೇದಿಕೆಗೆ ಹೊಸ ಪರದೆ ಮುಂದಿನ ವರ್ಷ ಬಂದರೂ ನಡೆಯುತ್ತದೆ.

ಕಟ್ಟಲು ಜಾಗವೇ ಇಲ್ಲದ ಹಳೆಯ ಹಾಲುಗಳೂ ಇವೆ. ಅಲ್ಲಿ ನಿಮಿಷ ಹೆಚ್ಚಿಸಿ. ಇಂಟರ್ವಲ್ ಅನ್ನು 15ರ ಬದಲು 30 ನಿಮಿಷ ಮಾಡಿದರೆ ಅದೇ 150 ಹೆಂಗಸರಿಗೆ 20ರ ಬದಲು 10 ಸಾಕು, ಭಾಷಣ ಒಂದನ್ನು ಬಿಟ್ಟರೆ ಆ ಹದಿನೈದು ನಿಮಿಷ ಸಿಕ್ಕೇ ಸಿಗುತ್ತದೆ. ಮಹಡಿಯ ಮೇಲಿನ ಗಂಡಸರ ಟಾಯ್ಲೆಟ್ ಇದ್ದರೆ ಆ ದಿನದ ಮಟ್ಟಿಗೆ ಹೆಂಗಸರಿಗೆ ಬಿಟ್ಟುಕೊಟ್ಟು ಬೋರ್ಡ್ ಹಾಕಿ. ದೊಡ್ಡ ಊರುಗಳಲ್ಲಿ ಬಾಡಿಗೆಗೆ ಮೊಬೈಲ್ ಟಾಯ್ಲೆಟ್ ಸಿಗುತ್ತದೆ, ಹೂವಿನ ಅಲಂಕಾರದ ಬಿಲ್ಲಿನ ಪಕ್ಕದಲ್ಲಿ ಅದರ ಬಿಲ್ಲು ಇಟ್ಟು ನೋಡಿ. ವಯಸ್ಸಾದವರಿಗೆ, ಬಸುರಿಯರಿಗೆ ಸಾಲು ಬೇಡ ಎಂದು ಮೈಕಿನಲ್ಲಿ ಒಂದು ಸಲ ಹೇಳಿದರೆ ಉಳಿದವರು ದಾರಿ ಬಿಡುತ್ತಾರೆ, ನಮ್ಮವರು ಅಷ್ಟು ಕೆಟ್ಟವರಲ್ಲ.

ಮುಂದಿನ ಸಲ ಹಾಲ್ ನೋಡಲು ಹೋದಾಗ ಮ್ಯಾನೇಜರ್ ಜೊತೆ ನಡೆದು ಪ್ರತಿ ಬಾಗಿಲೂ ತೆಗೆಸಿ. ಫ್ಲಶ್ ಒತ್ತಿ, ನಲ್ಲಿ ತಿರುಗಿಸಿ, ಚಿಲಕ ಹಾಕಿ ನೋಡಿ. ನಡೆಯುವುದನ್ನಷ್ಟೇ ಎಣಿಸಿ, ನೀವು ಕರೆದ ಹೆಂಗಸರ ಸಂಖ್ಯೆಯ ಪಕ್ಕದಲ್ಲಿ ಬರೆದುಕೊಳ್ಳಿ. ಬೀಗ ಹಾಕಿದ್ದನ್ನು ಆ ದಿನ ತೆಗೆಯುತ್ತೇವೆಂದು ಬುಕಿಂಗ್ ರಸೀದಿಯ ಮೇಲೆ ಬರೆಸಿಕೊಳ್ಳಿ.

ನೀರು ಹೋಗುವ ಮಾತ್ರೆ ತಗೊಳ್ಳುವವರು ಮನೆಯಲ್ಲಿದ್ದರೆ, ಸಮಾರಂಭಕ್ಕೆ ಒಂದು ವಾರ ಮೊದಲೇ ಅವರ ಡಾಕ್ಟರಿಗೆ ಫೋನ್ ಮಾಡಿ ಆ ದಿನ ಎಷ್ಟು ಹೊತ್ತಿಗೆ ಕೊಡಬೇಕೆಂದು ಕೇಳಿ. ಹೆಚ್ಚಿನವರಿಗೆ ಬೆಳಗಿನ ಜಾವ ಬೇಗ, ಅಥವಾ ಮನೆಗೆ ಬಂದ ಮೇಲೆ ಮಧ್ಯಾಹ್ನ ಕೊಡಲು ಬರುತ್ತದೆ. ಹೊತ್ತು ಬದಲಿಸಬಹುದು, ಬಿಡಬಾರದು. ಊಟದಲ್ಲಿ ಉಪ್ಪಿನಕಾಯಿ, ಹಪ್ಪಳ ಅವರ ಎಲೆಗೆ ಬೇಡ. ಮರುದಿನದಿಂದ ನಾಲ್ಕು ದಿನ ಬೆಳಿಗ್ಗೆ ಎದ್ದು ಬಾತ್‌ರೂಮಿಗೆ ಹೋಗಿ ಬಂದ ಮೇಲೆ, ಕಾಫಿಗೆ ಮೊದಲು ತೂಕ ನೋಡಿ. ಎರಡು ಕಿಲೋ ಏರಿದ್ದರೆ, ಅಥವಾ ಎರಡು ದಿಂಬಿಲ್ಲದೆ ಮಲಗಲು ಆಗುತ್ತಿಲ್ಲವೆಂದರೆ, ಸೋಮವಾರದ ಒ.ಪಿ.ಡಿ.ಗೆ ಕಾಯದೆ ಅವತ್ತೇ ಫೋನ್ ಮಾಡಿ.