ವಸ್ತ್ರ ವಿನ್ಯಾಸದ ಸ್ನಾತಕೋತ್ತರ ಶಿಕ್ಷಣ ಮತ್ತು ತೆಂಗಿನ ಸೀಮೆಯ ಲೆಕ್ಕಾಚಾರ

ನಮ್ಮ ಭಾಗದ ವರ್ತಕರ ಹಾಗೂ ಸಣ್ಣ ಉದ್ದಿಮೆದಾರರ ಮನೆಗಳಲ್ಲಿ ಮಕ್ಕಳ ಉನ್ನತ ವಿದ್ಯಾಭ್ಯಾಸವೆಂದರೆ ವೈದ್ಯಕೀಯ, ಇಂಜಿನಿಯರಿಂಗ್, ಇಲ್ಲವೇ ಎಂ.ಬಿ.ಎ. ಎಂಬ ಭಾವನೆ ಬಹುಕಾಲದಿಂದ ನೆಲೆಯೂರಿದೆ. ಈಚಿನ ವರ್ಷಗಳಲ್ಲಿ ಹುಳಿಯಾರು, ಕೆಂಕೆರೆ, ತಿಪಟೂರು, ತುರುವೇಕೆರೆ ಕಡೆಯ ಪದವೀಧರರು, ಅದರಲ್ಲಿಯೂ ಹೆಣ್ಣುಮಕ್ಕಳು, ಫ್ಯಾಷನ್ ಡಿಸೈನ್‌ನಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುವ ಅಪೇಕ್ಷೆಯನ್ನು ಮನೆಯಲ್ಲಿ ಮಂಡಿಸುತ್ತಿದ್ದಾರೆ. ಇಂತಹ ಮಾತಿಗೆ ನಮ್ಮವರ ಮೊದಲ ಪ್ರತಿಕ್ರಿಯೆ ಸಾಮಾನ್ಯವಾಗಿ ಒಂದೇ. ಕೆಂಕೆರೆಯ ಕೊಬ್ಬರಿ ವರ್ತಕ ಮಿತ್ರರೊಬ್ಬರು ನನ್ನನ್ನು ನೇರವಾಗಿಯೇ ಕೇಳಿದರು: "ಅಲ್ಲ ಕಣಣ್ಣ, ಬಟ್ಟೆ ಹೊಲಿಯೋದ್ ಕಲಿಯೋಕೂ ಎರಡ್ ವರ್ಷ ಓದ್ಬೇಕಾ?"

ಪ್ರಶ್ನೆ ಅಸಂಗತವೇನಲ್ಲ. ಹಣ ಹೂಡುವವನು ಕೇಳಲೇಬೇಕಾದ ಪ್ರಶ್ನೆಯದು. ಆದರೆ ಹೊಲಿಗೆ ಬೇರೆ, ವಿನ್ಯಾಸ ಬೇರೆ. ಒಂದು ಅಂಗಿಗೆ ಎಷ್ಟು ಬಟ್ಟೆ ತಗಲುತ್ತದೆ, ಕತ್ತರಿಸುವಾಗ ಎಷ್ಟು ಪೋಲಾಗುತ್ತದೆ, ಜೇಬಿನ ಸ್ಥಾನ ಬದಲಿಸಿದರೆ ಹೊಲಿಗೆಯ ಕೂಲಿ ಎಷ್ಟು ಏರುತ್ತದೆ, ಯಾವ ಬಣ್ಣ ಯಾವ ದೇಶದಲ್ಲಿ ಯಾವ ಋತುವಿನಲ್ಲಿ ಮಾರಾಟವಾಗುತ್ತದೆ ಎಂಬುದೆಲ್ಲವೂ ನಕ್ಷೆಯ ಹಂತದಲ್ಲಿಯೇ ಬಹುಪಾಲು ನಿರ್ಧಾರವಾಗುತ್ತದೆ. 2005ರ ಜನವರಿ 1ರಂದು ಅಂತರರಾಷ್ಟ್ರೀಯ ಜವಳಿ ಕೋಟಾ ಪದ್ಧತಿ ಕೊನೆಗೊಂಡ ಮೇಲೆ, ಕೊಟ್ಟ ನಮೂನೆಯನ್ನು ಹೊಲಿದುಕೊಡುವುದಷ್ಟನ್ನೇ ನೆಚ್ಚಿಕೊಂಡ ಸಿದ್ಧ ಉಡುಪು ಘಟಕಗಳು ಕಡಿಮೆ ಕೂಲಿಯ ದೇಶಗಳೊಡನೆ ಸೆಣಸಬೇಕಾಯಿತು. ಸ್ವಂತ ನಮೂನೆ ಮಾಡಿ ತೋರಿಸಬಲ್ಲ ಘಟಕಕ್ಕೆ ಖರೀದಿದಾರನ ಎದುರು ಕುಳಿತು ದರ ಮಾತನಾಡುವ ಅವಕಾಶ ಹೆಚ್ಚು. ಇದು ವ್ಯಾಪಾರಸ್ಥರಾದ ನಮಗೆ ಬಿಡಿಸಿ ಹೇಳಬೇಕಾದ ಮಾತಲ್ಲ.

ಪ್ರವೇಶದ ವಿಷಯಕ್ಕೆ ಬರೋಣ. ಕೇಂದ್ರ ಸರ್ಕಾರದ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ, ಅಂದರೆ ನಿಫ್ಟ್, 1986ರಲ್ಲಿ ದೆಹಲಿಯಲ್ಲಿ ಸ್ಥಾಪನೆಯಾಯಿತು. ಅದರ ಬೆಂಗಳೂರು ಆವರಣ ಎಚ್.ಎಸ್.ಆರ್. ಬಡಾವಣೆಯಲ್ಲಿದೆ. 2006ರ ಕಾಯ್ದೆಯ ಮೂಲಕ ಅದಕ್ಕೆ ಪದವಿ ನೀಡುವ ಅಧಿಕಾರ ದೊರೆಯಿತು. ಅಲ್ಲಿನ ಎಂ.ಡಿಸ್. ಮತ್ತು ಫ್ಯಾಷನ್ ಮ್ಯಾನೇಜ್‌ಮೆಂಟ್ ವ್ಯಾಸಂಗಕ್ಕೆ ಯಾವುದೇ ವಿಷಯದ ಪದವೀಧರರು ಅರ್ಜಿ ಸಲ್ಲಿಸಬಹುದೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ತಿಪಟೂರಿನಲ್ಲಿ ಬಿ.ಕಾಂ. ಓದಿದ ಹುಡುಗಿಗೂ ಬಾಗಿಲು ತೆರೆದಿದೆ. ತಂತ್ರಜ್ಞಾನದ ಎಂ.ಎಫ್.ಟೆಕ್. ಮಾತ್ರ ಇಂಜಿನಿಯರಿಂಗ್ ಅಥವಾ ನಿಫ್ಟ್‌ನದೇ ತಾಂತ್ರಿಕ ಪದವಿ ಪಡೆದವರಿಗೆ. ಎಂ.ಡಿಸ್.ಗೆ ಸಾಮಾನ್ಯ ಸಾಮರ್ಥ್ಯದ ಪರೀಕ್ಷೆಯ ಜೊತೆಗೆ ಸೃಜನಶೀಲತೆಯ ಪರೀಕ್ಷೆಯೂ ಇರುತ್ತದೆ, ಬಳಿಕ ಸಂದರ್ಶನ. ಮ್ಯಾನೇಜ್‌ಮೆಂಟ್‌ಗೆ ಚಿತ್ರ ಬರೆಯುವ ಅಗತ್ಯವಿಲ್ಲ. ಅಂಗಡಿಯ ಲೆಕ್ಕಪತ್ರದ ನಡುವೆ ಬೆಳೆದ ನಮ್ಮ ಮಕ್ಕಳಲ್ಲಿ ಕೆಲವರಿಗೆ ಈ ಎರಡನೆಯ ದಾರಿಯೇ ಹೆಚ್ಚು ಒಪ್ಪುತ್ತದೆಂಬುದು ನನ್ನ ಅನಿಸಿಕೆ. ಆದರೆ ಫ್ಯಾಷನ್ ಎಂದೊಡನೆ ಎಲ್ಲರೂ ಪೆನ್ಸಿಲ್ ಹಿಡಿಯುತ್ತಾರೆ!

ಅಹಮದಾಬಾದಿನಲ್ಲಿ 1961ರಲ್ಲಿ ಆರಂಭವಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆ (ಎನ್.ಐ.ಡಿ.) ಇನ್ನೊಂದು ಮುಖ್ಯ ಸ್ಥಳ. ಅದರ ಉಡುಪು ವಿನ್ಯಾಸದ ಎಂ.ಡಿಸ್. ಗಾಂಧಿನಗರದ ಆವರಣದಲ್ಲಿ ನಡೆಯುತ್ತದೆ. ಪ್ರವೇಶಕ್ಕೆ ಪ್ರಾಥಮಿಕ ಮತ್ತು ಮುಖ್ಯ ಎಂಬ ಎರಡು ಹಂತದ ಪರೀಕ್ಷೆಗಳಿವೆ. ಗೃಹವಿಜ್ಞಾನದ ಹಿನ್ನೆಲೆಯವರಿಗೆ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಜವಳಿ ಮತ್ತು ಉಡುಪು ವಿನ್ಯಾಸ ವಿಭಾಗವುಂಟು. ಪ್ರಚಾರ ಕಡಿಮೆಯೆಂಬ ಕಾರಣಕ್ಕೆ ಅದನ್ನು ಕಡೆಗಣಿಸಬಾರದು. ನಿಫ್ಟ್ ಪರೀಕ್ಷೆಯ ಭಾಷೆ ಇಂಗ್ಲಿಷ್ ಮತ್ತು ಹಿಂದಿ, ಕನ್ನಡವಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಇದಕ್ಕಾಗಿ ಕನಿಷ್ಠ ಒಂದು ವರ್ಷ ಮೊದಲೇ ಸಿದ್ಧತೆ ಆರಂಭಿಸುವುದು ಒಳ್ಳೆಯದು.

ನಗರಗಳಲ್ಲಿ ಗಾಜಿನ ಕಟ್ಟಡಗಳ ಖಾಸಗಿ ಸಂಸ್ಥೆಗಳು ಸಾಕಷ್ಟಿವೆ. ಅವುಗಳಲ್ಲಿ ಉತ್ತಮವಾದವೂ ಇವೆ. ಆದರೆ ಅವು ಕೊಡುವುದು ಮಾನ್ಯತೆ ಪಡೆದ ವಿಶ್ವವಿದ್ಯಾಲಯದ ಪದವಿಯೋ, ತಮ್ಮದೇ ಮುದ್ರೆಯ ಡಿಪ್ಲೊಮಾವೋ ಎಂಬುದನ್ನು ಶುಲ್ಕ ಕಟ್ಟುವ ಮುನ್ನ ಲಿಖಿತವಾಗಿ ಕೇಳಿ ಪಡೆಯಬೇಕು. ಮಾಲು ನೋಡದೆ ಮುಂಗಡ ಕೊಡದ ನಾವು, ಬಣ್ಣದ ಕೈಪಿಡಿ ನೋಡಿ ಲಕ್ಷಗಟ್ಟಲೆ ಹಣ ಕಟ್ಟುವುದು ವಿಚಿತ್ರ.

ಶುಲ್ಕದ ವಿಷಯದಲ್ಲಿ ತೆಂಗಿನ ಸೀಮೆಯವರಿಗೆ ವಿಶೇಷವಾದ ಎಚ್ಚರಿಕೆಯೊಂದು ಬೇಕು. 2023ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 11,750 ರೂ. ಬೆಂಬಲ ಬೆಲೆ ಇದ್ದರೂ ತಿಪಟೂರು ಮಾರುಕಟ್ಟೆಯಲ್ಲಿ ಧಾರಣೆ ಅದಕ್ಕಿಂತ ಬಹಳ ಕೆಳಗಿತ್ತು, ರೈತರು ಬೀದಿಗಿಳಿದರು. 2025ರಲ್ಲಿ ಬೆಂಬಲ ಬೆಲೆ 12,100 ರೂ. ಆಗಿದ್ದಾಗ ಮಾರುಕಟ್ಟೆಯ ದರ ಅದರ ದುಪ್ಪಟ್ಟನ್ನೂ ಮೀರಿತು. ಸ್ನಾತಕೋತ್ತರ ವ್ಯಾಸಂಗ ಎರಡು ವರ್ಷ, ನಾಲ್ಕು ಸೆಮಿಸ್ಟರ್. ಏರಿದ ಧಾರಣೆಯ ಉತ್ಸಾಹದಲ್ಲಿ ಮೊದಲ ಕಂತು ಕಟ್ಟಿ, ಮೂರನೆಯ ಸೆಮಿಸ್ಟರಿಗೆ ಅಡವಿಡುವ ಪರಿಸ್ಥಿತಿ ಬಂದರೆ ಅರ್ಧಕ್ಕೆ ನಿಲ್ಲುವುದು ಮಗಳ ಓದು. ಆದುದರಿಂದ ನಾಲ್ಕೂ ಕಂತು, ಊಟ-ವಸತಿ, ಬಟ್ಟೆ-ಬಣ್ಣಗಳ ಸಾಮಗ್ರಿ ವೆಚ್ಚ (ಇದು ನಮ್ಮ ಊಹೆಗೂ ಮೀರಿರುತ್ತದೆ) ಎಲ್ಲವನ್ನೂ ಕೂಡಿಸಿ, ಕಡಿಮೆ ಧಾರಣೆಯ ವರ್ಷವನ್ನೇ ಆಧಾರವಾಗಿಟ್ಟುಕೊಂಡು ಲೆಕ್ಕ ಹಾಕಬೇಕು. ಬ್ಯಾಂಕುಗಳ ಮಾದರಿ ಯೋಜನೆಯಂತೆ ಅರ್ಹ ವಿದ್ಯಾರ್ಥಿಗಳಿಗೆ 7.5 ಲಕ್ಷ ರೂ.ವರೆಗೆ ಆಸ್ತಿ ಅಡಮಾನವಿಲ್ಲದೆ ಶಿಕ್ಷಣ ಸಾಲ ದೊರೆಯುವ ಅವಕಾಶವಿದೆ. ಕೈಯಲ್ಲಿ ಹಣವಿದ್ದರೂ ಇದರ ಒಂದು ಭಾಗವನ್ನು ಪಡೆದು, ಅಂಗಡಿಯ ಬಂಡವಾಳವನ್ನು ಮುಟ್ಟದಿರುವುದು ವಿವೇಕ.

ಇನ್ನು ಪೋರ್ಟ್‌ಫೋಲಿಯೊ, ಅಂದರೆ ಅಭ್ಯರ್ಥಿಯು ತನ್ನ ಕೆಲಸಗಳನ್ನು ಕ್ರಮವಾಗಿ ಜೋಡಿಸಿ ಸಂದರ್ಶನದಲ್ಲಿ ತೋರಿಸುವ ಸಂಪುಟ. ನನ್ನ ದೃಷ್ಟಿಯಲ್ಲಿ ಇಡೀ ಅರ್ಜಿಯ ಜೀವಾಳವೇ ಇದು. ಹಣ ಪಡೆದು ಸಂಪುಟ ತಯಾರಿಸಿಕೊಡುವ ಮಧ್ಯವರ್ತಿಗಳೂ ಇದ್ದಾರೆ. ಪ್ಯಾರಿಸಿನ ಉಡುಪುಗಳನ್ನು ನಕಲು ಮಾಡಿದ ಇಪ್ಪತ್ತು ಹಾಳೆಗಳು ಎದುರಿಗೆ ಬಂದರೆ ಪರೀಕ್ಷಕರು ಎರಡನೆಯ ಪ್ರಶ್ನೆಗೇ ಸತ್ಯವನ್ನು ಹೊರಗೆಳೆಯುತ್ತಾರೆ. ಕಾಯಿಯನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಕಾದರಷ್ಟೇ ಉಂಡೆ ಕೊಬ್ಬರಿ. ಸಂಪುಟವೂ ಹಾಗೆಯೇ, ವಾರದಲ್ಲಿ ಆಗುವ ವಸ್ತುವಲ್ಲ.

ಅದಕ್ಕೆ ಬೇಕಾದ ಸರಕು ನಮ್ಮ ಹಿತ್ತಿಲಲ್ಲಿಯೇ ರಾಶಿ ಬಿದ್ದಿದೆ. ತೆಂಗಿನ ಮಟ್ಟೆಯನ್ನು ಕುದಿಸಿದ ಕಷಾಯದಲ್ಲಿ ಹತ್ತಿ ಬಟ್ಟೆಯನ್ನು ಅದ್ದಿದರೆ ಕಂದು ಬಣ್ಣ ಹಿಡಿಯುತ್ತದೆ. ಪಟಿಕ ಸೇರಿಸಿದರೆ ಒಂದು ಛಾಯೆ, ಅನ್ನಭೇದಿ ಸೇರಿಸಿದರೆ ಮತ್ತಷ್ಟು ಕಪ್ಪಾದ ಇನ್ನೊಂದು ಛಾಯೆ. ಹೆಗ್ಗೋಡಿನ ಕಡೆ ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ ಬೆಳೆದ ಚರಕ ಸಂಸ್ಥೆಯ ಮಹಿಳೆಯರು ಅಡಿಕೆಯ ಚೊಗರಿನಿಂದ ಬಣ್ಣ ಕಟ್ಟಿ, ಕೈಮಗ್ಗದ ಉಡುಪು ಸಿದ್ಧಪಡಿಸಿ, 'ದೇಸಿ' ಮಳಿಗೆಗಳ ಮೂಲಕ ಬೆಂಗಳೂರಿನವರಿಗೆ ಮಾರಿದರು. ಅದೇ ಚರಕ 2020ರಲ್ಲಿ ತೀವ್ರ ಆರ್ಥಿಕ ಸಂಕಷ್ಟಕ್ಕೆ ಸಿಲುಕಿದ್ದೂ ನಿಜ. ಬಣ್ಣ ಬಂದರೆ ಸಾಲದು, ಬಂಡವಾಳ ತಿರುಗಬೇಕೆಂಬುದು ವಿನ್ಯಾಸದ ವಿದ್ಯಾರ್ಥಿಗೂ ಪಾಠವೇ. ಅಡಿಕೆ ಸೀಮೆಯಲ್ಲಿ ನಡೆದ ಈ ಪ್ರಯೋಗವನ್ನು ತೆಂಗಿನ ಸೀಮೆಯ ಹುಡುಗಿ ಮಟ್ಟೆಯ ಮೇಲೆ ನಡೆಸಿ, ತುಂಡುಬಟ್ಟೆಗಳನ್ನು ಒಗೆದು, ಬಿಸಿಲಿಗಿಟ್ಟು, ಯಾವುದು ಮಾಸಿತು, ಯಾವುದು ನಿಂತಿತು, ಮೀಟರಿಗೆ ಎಷ್ಟು ಖರ್ಚಾಯಿತೆಂದು ಬರೆದಿಟ್ಟರೆ ಅದಕ್ಕಿಂತ ಒಳ್ಳೆಯ ಸಂಪುಟ ಯಾವುದು? ಚಳ್ಳಕೆರೆ ಕಡೆಯ ಕಂಬಳಿಯ ಉಣ್ಣೆ ಮೈಗೆ ಒರಟೆಂಬ ದೂರಿಗೆ ಪರಿಹಾರ ಹುಡುಕುವುದೂ ಇಂತಹುದೇ ಕೆಲಸ.

ಇದರಲ್ಲಿ ನಮ್ಮ ಸ್ವಾರ್ಥವೂ ಇದೆಯೆಂಬುದನ್ನು ಮುಚ್ಚಿಡಬೇಕಿಲ್ಲ. ನಮ್ಮ ದೇಶದ ತೆಂಗಿನ ನಾರು ದೊಡ್ಡ ಪ್ರಮಾಣದಲ್ಲಿ ಕಚ್ಚಾ ರೂಪದಲ್ಲಿಯೇ ಚೀನಾಕ್ಕೆ ಹೋಗುತ್ತದೆ. ಅಲ್ಲಿಯ ಬೇಡಿಕೆ ಕುಸಿದರೆ ಇಲ್ಲಿಯ ಘಟಕದಲ್ಲಿ ನಾರಿನ ಕಟ್ಟುಗಳು ಹಾಗೆಯೇ ಉಳಿಯುತ್ತವೆ. ತೆಂಗು ನಾರು ಮಂಡಳಿಯ ತಂತ್ರಜ್ಞಾನ ಸಂಸ್ಥೆ ಬೆಂಗಳೂರಿನ ಪೀಣ್ಯದಲ್ಲಿದೆ. ಎನ್.ಐ.ಡಿ.ಯನ್ನು ಕೇಂದ್ರವಾಗಿಟ್ಟುಕೊಂಡು ಸಣ್ಣ ಉದ್ದಿಮೆಗಳಿಗಾಗಿ 2010ರಲ್ಲಿ ಆರಂಭವಾದ ಡಿಸೈನ್ ಕ್ಲಿನಿಕ್ ಯೋಜನೆಯ ಉದ್ದೇಶ, ಈಗ ಎಂ.ಎಸ್.ಎಂ.ಇ. ಇನ್ನೊವೇಟಿವ್ ಯೋಜನೆಯ ವಿನ್ಯಾಸ ವಿಭಾಗದಲ್ಲಿ ಮುಂದುವರಿದಿದೆ. ಸೌಲಭ್ಯಗಳಿವೆ. ಅವುಗಳೊಡನೆ ನಮ್ಮ ಪರವಾಗಿ ಅವುಗಳದೇ ಭಾಷೆಯಲ್ಲಿ ವ್ಯವಹರಿಸಬಲ್ಲವರು ನಮ್ಮ ನಡುವೆ ವಿರಳ.

ಓದಿದವರು ಊರಿಗೆ ಮರಳುವುದಿಲ್ಲವೆಂಬ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ. ಮರಳಲೇಬೇಕೆಂಬ ಕರಾರನ್ನು ಇಂಜಿನಿಯರ್ ಆದ ಗಂಡುಮಕ್ಕಳಿಗೆ ನಾವೆಂದೂ ಹಾಕಲಿಲ್ಲ.

ನಿಫ್ಟ್ ಮತ್ತು ಎನ್.ಐ.ಡಿ. ಅರ್ಜಿಗಳು ಸಾಮಾನ್ಯವಾಗಿ ವರ್ಷದ ಕೊನೆಯ ತಿಂಗಳುಗಳಲ್ಲಿ ಬರುತ್ತವೆ. ನಿಫ್ಟ್ ಪರೀಕ್ಷೆ ಈಚಿನ ವರ್ಷಗಳಲ್ಲಿ ಫೆಬ್ರುವರಿಯಲ್ಲಿ ನಡೆಯುತ್ತಿದೆ. ಯಾವ ಆವರಣದಲ್ಲಿ ಯಾವ ವ್ಯಾಸಂಗ, ಎಷ್ಟು ಶುಲ್ಕ ಎಂಬುದನ್ನು ಆಯಾ ವರ್ಷದ ಅಧಿಕೃತ ಪ್ರಕಟಣೆಯಲ್ಲಿಯೇ ನೋಡಿಕೊಳ್ಳಬೇಕು. ನಾರಿನ ಘಟಕ, ಸಿದ್ಧ ಉಡುಪು ಘಟಕ ಅಥವಾ ಜವಳಿ ಅಂಗಡಿಯುಳ್ಳ ಸದಸ್ಯರು ಬೇಸಿಗೆಯ ರಜೆಯಲ್ಲಿ ಇಬ್ಬರು ವಿದ್ಯಾರ್ಥಿಗಳಿಗೆ ತಮ್ಮಲ್ಲಿ ಕುಳಿತು ಕೆಲಸ ನೋಡಲು, ಮಾಡಲು ಅವಕಾಶ ಕೊಡುವುದಾದರೆ ದಯವಿಟ್ಟು ನಮ್ಮ ಕಾರ್ಯಾಲಯದಲ್ಲಿ ಹೆಸರು ನೋಂದಾಯಿಸಬೇಕೆಂದು ಕೋರುತ್ತೇನೆ. ಮಟ್ಟೆ, ನಾರು, ತುಂಡುಬಟ್ಟೆಗಳಿಗೆ ಆ ಮಕ್ಕಳಿಂದ ಹಣ ಪಡೆಯಬೇಡಿ.